ಸಹಾಯ ಬೇಕು: ಪುಡಿಯಾದ ತಳಬಂಡೆಯಲ್ಲಿ ಗ್ಯಾಸ್ ನಿಲ್ಲೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾಳಿದ್ದು ಭೂವಿಜ್ಞಾನದ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಗಟ್ಟಿ ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಶೇ. 1ರಷ್ಟೂ ಖಾಲಿ ಜಾಗ ಇರಲ್ಲ. ಆದರೂ ಚೀನಾದ ಚೈದಾಮ್ ಬೇಸಿನ್ನಿನಲ್ಲಿ ತಳಬಂಡೆಯಿಂದಲೇ (ಅಂದರೆ ಎಲ್ಲ ಪದರಗಳ ಅಡಿಯಲ್ಲಿರುವ, ಗ್ರಾನೈಟಿನಂಥ ಹಳೇ ಗಟ್ಟಿ ಬಂಡೆಯಿಂದ) ಗ್ಯಾಸ್ ತೆಗೆಯುತ್ತಾರೆ. ಕಾರಣ ಅರ್ಥವಾಯಿತು: ಹೂತುಹೋಗುವ ಮೊದಲು ಆ ಬಂಡೆ ಮಳೆ ಬಿಸಿಲಿಗೆ ಬಿದ್ದಿತ್ತು, ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಕರಗಿ ತೂತು ಬಿದ್ದವು, ಬಿರುಕು ಅಗಲವಾದವು. ನಾನೇ ಗ್ರಾನೈಟಿನ ಎರಡು ಚೂರು ನೀರಿಗೆ ಹಾಕಿ ನೋಡಿದೆ. ಹೊಸ ಚೂರು ಸುಮ್ನೆ ಮುಳುಗಿತು. ಹಳೇ ಮಾಸಲು ಚೂರಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು, ಒಳ್ಳೇ ಮಜಾ ಇತ್ತು!

ಗ್ಯಾಸ್ ಮೇಲಿಂದ ಕೆಳಗೆ ಹೇಗೆ ಇಳಿಯಿತು ಅನ್ನೋ ತಲೆನೋವೂ ಬಗೆಹರಿಯಿತು. ತಳಬಂಡೆ ಗುಡ್ಡದ ಹಾಗೆ ಎದ್ದಿರುತ್ತದೆ. ಗ್ಯಾಸ್ ಹುಟ್ಟುವ ಪದರ ಪಕ್ಕದ ತಗ್ಗಿನಲ್ಲಿರುತ್ತದೆ. ಅಲ್ಲಿಂದ ಓರೆಯಾಗಿ ಮೇಲಕ್ಕೇ ಬರುತ್ತದೆ.

ಗೊಂದಲ ಇಲ್ಲಿದೆ. ಫೆಲ್ಡ್‌ಸ್ಪಾರ್ ಕೆಟ್ಟರೆ ಜೇಡಿಯಾಗುತ್ತದೆ, ಜೇಡಿ ತೂತು ಮುಚ್ಚುತ್ತದೆ ಅಲ್ವಾ? ಹಾಗಾದರೆ ಜಾಸ್ತಿ ಕೊಳೆತ ಮೇಲಿನ ಪದರಕ್ಕಿಂತ ಅರ್ಧ ಕೊಳೆತ ನಡುವಿನ ಪದರದಲ್ಲೇ ಹೆಚ್ಚು ಗ್ಯಾಸ್ ಇರಬೇಕಾ? ಮತ್ತೆ ಆ ಜೇಡಿ ಪದರವೊಂದೇ ಮುಚ್ಚಳವಾಗಿ ಸಾಕಾ, ಅಥವಾ ಮೇಲೆ ಬೇರೆ ಬಿಗಿ ಪದರ ಬೇಕೇ ಬೇಕಾ?