ಅಪ್‌ಡೇಟ್: ಮಂಡ್ಯದಲ್ಲಿ ಒಳ್ಳೆ ಆಪ್ತಸಮಾಲೋಚಕರನ್ನು ಗುರುತಿಸೋದು ಹೇಗೆ?

ಚಿಕ್ಕ ಊರಲ್ಲಿ ಆಪ್ತಸಮಾಲೋಚಕರ ಕಾಳಜಿಯನ್ನು ಹೇಗೆ ತಿಳಿಯೋದು ಅಂತ ಕೇಳಿದ್ದೆ. ಬಂದ ಉತ್ತರಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಇಷ್ಟು.

ಮಂಡ್ಯದಂಥ ಕಡೆ ದೊಡ್ಡ ಕಷ್ಟ ಗುಟ್ಟಿನದು. ಸಂತೆಯಲ್ಲಿ, ಮದುವೆಮನೆಯಲ್ಲಿ ಆಪ್ತಸಮಾಲೋಚಕರು ಎದುರಾಗೇ ಆಗ್ತಾರೆ. ಒಳ್ಳೆಯವರು ಮೊದಲ ದಿನವೇ ಹೇಳ್ತಾರೆ: "ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ, ನೀವು ಮಾತಾಡಿಸಿದ್ರೆ ಮಾತ್ರ. ಸರೀನಾ?" ಒಬ್ಬರು ಹೊರಟ ಮೇಲೆ ಇನ್ನೊಬ್ಬರಿಗೆ ಹತ್ತು-ಹದಿನೈದು ನಿಮಿಷ ಬಿಟ್ಟು ಟೈಮ್ ಕೊಡ್ತಾರೆ, ಬೆಂಚಿನ ಮೇಲೆ ನೆಂಟರು ಮುಖಾಮುಖಿ ಆಗಬಾರದಲ್ಲ. ನಿಮ್ಮ ಹೆತ್ತಮ್ಮನೇ ಫೋನ್ ಮಾಡಿದ್ರೂ ಬಾಯಿಬಿಡಲ್ಲ. ಜೀವಕ್ಕೆ ಅಪಾಯ ಇದ್ರೆ ಮಾತ್ರ ಹೇಳ್ಬೇಕಾಗುತ್ತೆ ಅಂತ ಮೊದಲೇ ತಿಳಿಸಿರ್ತಾರೆ.

"ಎಲ್ಲಾ ಸರಿಹೋಗುತ್ತೆ ಬಿಡಿ" ಅಂತ ಕಳಿಸೋದು ಕಾಳಜಿಯಲ್ಲ. ಎರಡು ವಾರದಿಂದ ನಿದ್ದೆ, ಊಟ ಕೆಟ್ಟಿದ್ರೆ ಮನೋವೈದ್ಯರ ಹತ್ರ ಕಳಿಸಬೇಕು. ರಾತ್ರಿ ತಡೆಯಲಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.