ಗುರುಗ್ರಹದ ಪಕ್ಕ ನಿನ್ನೆ ನಾಲ್ಕು ಚುಕ್ಕಿ, ಇವತ್ತು ಮೂರೇ. ಇನ್ನೊಂದು ಎಲ್ಲಿ ಹೋಯ್ತು?

ಪ್ರಶ್ನೆ: ನಮಸ್ಕಾರ ಸರ್. ಏಳನೇ ಕ್ಲಾಸಿನ ಮಗಳಿಗೆ ಬೈನಾಕ್ಯುಲರ್ ತಂದಿದ್ದೇವೆ. ನಿನ್ನೆ ಗುರುವಿನ ಪಕ್ಕ ಒಂದೇ ಗೆರೆಯಲ್ಲಿ ನಾಲ್ಕು ಚುಕ್ಕಿ ಕಂಡವು. ಇವತ್ತು ಎಂಟು ಗಂಟೆಗೆ ಮೂರೇ ಇದ್ದವು. ಅವು ನಕ್ಷತ್ರಗಳಾ? ನಾವು ನೋಡಿದ್ದೇ ತಪ್ಪಾ?

ಉತ್ತರ: ತಪ್ಪೇನಿಲ್ಲ ಮೇಡಂ, ಚೆನ್ನಾಗಿ ಗಮನಿಸಿದ್ದೀರಿ. ಅವು ಗುರುವಿನ ನಾಲ್ಕು ದೊಡ್ಡ ಚಂದ್ರರು: ಐಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ. ಊಟದ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಅಂಚು ಮಾತ್ರ ಕಾಣುತ್ತೆ, ಅಲ್ವಾ? ಅವು ಸುತ್ತುವ ದಾರಿಯೂ ನಮಗೆ ಹಾಗೇ ಕಾಣುತ್ತದೆ. ಅದಕ್ಕೇ ಎಲ್ಲ ಒಂದೇ ಗೆರೆಯಲ್ಲಿ.

ಕಾಣದೇ ಹೋದದ್ದು ಹೆಚ್ಚಾಗಿ ಐಯೋ ಇರಬೇಕು. ಅದು ಗುರುವಿಗೆ ತೀರಾ ಹತ್ತಿರ, ಸುಮಾರು 42 ಗಂಟೆ 30 ನಿಮಿಷಕ್ಕೆ ಒಂದು ಸುತ್ತು. ಸುತ್ತಿಗೊಮ್ಮೆ ಹಿಂದೆ ಅಡಗುತ್ತದೆ, ಒಮ್ಮೆ ಎದುರು ಹಾದು ಬೆಳಕಿನಲ್ಲಿ ಕಳೆದುಹೋಗುತ್ತದೆ. ಎರಡು ಚಂದ್ರರು ಒತ್ತಿಕೊಂಡು ಒಂದೇ ಚುಕ್ಕಿಯಾಗಿ ಕಂಡಿರಲೂಬಹುದು. 1610ರ ಜನವರಿ 7ರಂದು ಗೆಲಿಲಿಯೋಗೆ ಆದದ್ದೂ ಅದೇ. ಐಯೋ, ಯುರೋಪಾ ಎರಡೂ ಸೇರಿ ಒಂದಾಗಿ ಕಂಡವು, ಅವನು ಮೂರು ಚುಕ್ಕಿ ಬರೆದ. ಮೊದಲು ನಿಮ್ಮ ಹಾಗೇ ನಕ್ಷತ್ರ ಅಂದುಕೊಂಡಿದ್ದ. ಮರುದಿನ ಮೂರೂ ಗುರುವಿನ ಒಂದೇ ಕಡೆಗೆ ಬಂದಿದ್ದವು! 13ಕ್ಕೆ ನಾಲ್ಕನೆಯದೂ ಸಿಕ್ಕಿತು.

ರಾತ್ರಿ ಹನ್ನೊಂದಕ್ಕೆ ಮತ್ತೊಮ್ಮೆ ನೋಡಿ. ಕೈ ನಡುಗದ ಹಾಗೆ ಮೊಣಕೈಗಳನ್ನು ಟೆರೇಸಿನ ಗೋಡೆ ಮೇಲೆ ಊರಿ.

ಪ್ರಶ್ನೆ: ಹನ್ನೊಂದಕ್ಕೆ ನಾಲ್ಕೂ ಇದ್ದವು ಸರ್! ನಾಲ್ಕನೆಯದು ಗುರುವಿಗೆ ಅಂಟಿಕೊಂಡ ಹಾಗಿತ್ತು. ಮಗಳು ಕೇಳುತ್ತಿದ್ದಾಳೆ, ಐಯೋದಲ್ಲಿ ಜ್ವಾಲಾಮುಖಿ ಇದೆಯಂತೆ ಹೌದಾ? ಸೂರ್ಯನಿಂದ ಅಷ್ಟು ದೂರ, ಬಿಸಿ ಎಲ್ಲಿಂದ ಬರುತ್ತೆ?

ಉತ್ತರ: ಹೌದು, ನೂರಾರು ಇವೆ. ಮಗಳಿಗೆ ಒಂದು ಕೆಲಸ ಹೇಳಿ. ಒಂದು ತಂತಿಯನ್ನು ಒಂದೇ ಕಡೆ ಹತ್ತಿಪ್ಪತ್ತು ಸಲ ಅತ್ತಿತ್ತ ಬಗ್ಗಿಸಿ, ತಕ್ಷಣ ಆ ಜಾಗ ಮುಟ್ಟಿ ನೋಡಲಿ. ಬೆಚ್ಚಗಿರುತ್ತದೆ. ಐಯೋಗೂ ಹೀಗೇ ಆಗುತ್ತಿದೆ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಐಯೋ ನಾಲ್ಕು ಸುತ್ತು ಹಾಕುತ್ತವೆ. ಈ ಲೆಕ್ಕ ತಪ್ಪದೇ ಇರುವುದರಿಂದ ಅವೆರಡರ ಸೆಳೆತ ಐಯೋದ ದಾರಿಯನ್ನು ಪೂರ್ತಿ ದುಂಡಗಾಗಲು ಬಿಡುವುದಿಲ್ಲ. ಒಮ್ಮೆ ಗುರುವಿಗೆ ಹತ್ತಿರ, ಒಮ್ಮೆ ದೂರ. ಸೆಳೆತ ಹೆಚ್ಚು ಕಡಿಮೆ ಆದ ಹಾಗೆಲ್ಲ ಐಯೋದ ಮೈ ಹಿಗ್ಗಿ ಕುಗ್ಗುತ್ತದೆ. ಒಳಗಿನ ಬಂಡೆ ಕರಗುವುದು ಆ ಬಿಸಿಗೆ.

ಐಯೋದ ಜ್ವಾಲಾಮುಖಿಯನ್ನು ಮೊದಲು ಕಂಡವರು ನಾಸಾದ ಇಂಜಿನಿಯರ್ ಲಿಂಡಾ ಮೊರಾಬಿಟೋ. 1979ರ ಮಾರ್ಚಿನಲ್ಲಿ, ವಾಯೇಜರ್ 1 ಬಾಹ್ಯಾಕಾಶ ನೌಕೆಯ ದಾರಿ ಪರೀಕ್ಷಿಸಲು ಹಿನ್ನೆಲೆಯ ನಕ್ಷತ್ರ ಹುಡುಕುತ್ತಿದ್ದರು. ನೌಕೆ ಕಳಿಸಿದ ಚಿತ್ರದಲ್ಲಿ ಐಯೋದ ಅಂಚಿನಾಚೆ ಕೊಡೆಯಂಥ ಮಸುಕು ಆಕಾರ ಕಾಣಿಸಿತು. ಜ್ವಾಲಾಮುಖಿಯಿಂದ ಚಿಮ್ಮಿದ ಧೂಳು, ಅನಿಲ ಅದು. ಇದನ್ನು ಓದಿದಾಗೆಲ್ಲ ನನಗೆ ಈಗಲೂ ರೋಮಾಂಚನವಾಗುತ್ತದೆ.

ಒಂದು ವಾರ ಮಗಳು ನೋಟ್‌ಬುಕ್ಕಿನಲ್ಲಿ ಚುಕ್ಕಿ ಹಾಕಲಿ, ಪಕ್ಕದಲ್ಲಿ ತಾರೀಕು, ಸಮಯ ಬರೆಯಲಿ. ಆ ಪುಟದ ಫೋಟೋ ಇಲ್ಲಿ ಹಾಕಿ, ಯಾವುದು ಯಾವ ಚಂದ್ರ ಅಂತ ಗುರುತು ಮಾಡಿಕೊಡುತ್ತೇನೆ.