ಕೀಬೋರ್ಡ್, ಕೊಳಲು, ಗಿಟಾರ್… ವಾದ್ಯ ಬದಲಿಸುತ್ತಾ ಹೋಗುವುದು ತಪ್ಪಾ?

ಹಾಸನದ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಹಾಸನದಲ್ಲಿ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಆರನೇ ಕ್ಲಾಸಿನಿಂದ ಕೀಬೋರ್ಡ್ ನುಡಿಸುತ್ತಿದ್ದೆ. ಕಾಲೇಜಿನಲ್ಲಿ ಬಾನ್ಸುರಿ ಕೊಳಲು ಹಿಡಿದೆ, ಎರಡು ವರ್ಷ ಕಲಿತೆ. ಆಮೇಲೆ ಗಿಟಾರ್. ಈಗ ಗೆಳೆಯರ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್‌ಗೆ ಜನ ಇಲ್ಲ, ನೀನೇ ಕಲಿ ಅನ್ನುತ್ತಿದ್ದಾರೆ.

ಹೋದ ವಾರ ನನ್ನ ಹಳೆಯ ಗುರುಗಳು ಸಿಕ್ಕಿದ್ದರು. ವಿಷಯ ಹೇಳಿದೆ. "ಹತ್ತು ಕಡೆ ಹತ್ತತ್ತು ಅಡಿ ಬಾವಿ ತೋಡಿದರೆ ನೀರು ಬರಲ್ಲಪ್ಪ. ಒಂದೇ ಕಡೆ ನೂರು ಅಡಿ ತೋಡು" ಅಂದರು. ಬೈದು ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಜಾಸ್ತಿ ಚುಚ್ಚಿತು.

ಹಲವು ವಾದ್ಯ ನುಡಿಸಿಕೊಂಡೇ ಜೀವನ ಕಳೆದವರು ಇಲ್ಲಿ ಯಾರಾದರೂ ಇದ್ದೀರಾ? ಹೊಸ ವಾದ್ಯ ಹಿಡಿದಾಗಲೆಲ್ಲ ಮತ್ತೆ ಸೊನ್ನೆಯಿಂದ ಶುರುವಾಗುತ್ತದಾ? ಇನ್ನೊಂದು ವಿಷಯ. ಹಾಡುವವರು ಶ್ರುತಿ ಬದಲಿಸಿದರೆ ನಾನು ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತೇನೆ, ಗಿಟಾರ್‌ನಲ್ಲಿ ಕೇಪೊ ಅನ್ನುವ ಕ್ಲಿಪ್ ಹಾಕುತ್ತೇನೆ. ಬೆರಳು ಹಳೆಯ ಜಾಗದಲ್ಲೇ ಇರುತ್ತದೆ, ಶ್ರುತಿ ಮಾತ್ರ ಬದಲಾಗುತ್ತದೆ. ಇಷ್ಟು ವರ್ಷ ಆದರೂ ಇದೇ ಕಥೆ.

ಮೈಸೂರಿನ ವೀಣೆ ಟೀಚರ್ ಬರೆದದ್ದು:

ನಿಮ್ಮ ಗುರುಗಳು ಹೇಳಿದ್ದರಲ್ಲಿ ಸತ್ಯ ಇದೆ ಅಂತಲೇ ನನ್ನ ಅಭಿಪ್ರಾಯ. ವೀಣೆಯಲ್ಲಿ 24 ಮೆಟ್ಟಿಲು ಇವೆ. ಯಾವ ಮೆಟ್ಟಿಲಲ್ಲಿ ಯಾವ ಸ್ವರ ಅಂತ ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಆದರೆ ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಮುಂದಿನ ಸ್ವರ ತರುತ್ತೇವಲ್ಲ, ಎಷ್ಟು ಎಳೆಯಬೇಕು ಅನ್ನುವುದು ಬೆರಳಿಗೆ ಗೊತ್ತಾಗಲು ನನಗೆ ಎಂಟು ವರ್ಷ ಹಿಡಿಯಿತು. ನಡುವೆ ಬೇರೆ ವಾದ್ಯ ಹಿಡಿದಿದ್ದರೆ ಅದು ಬರುತ್ತಿರಲಿಲ್ಲ ಅನ್ನಿಸುತ್ತದೆ.

ನಮ್ಮ ವೀಣೆ ಶೇಷಣ್ಣನವರು ಪಿಟೀಲು, ಸ್ವರಬತ್ ಅನ್ನುವ ತಂತಿವಾದ್ಯ ಕೂಡ ನುಡಿಸುತ್ತಿದ್ದರು, ನಿಜ. ಆದರೆ ಅವರ ಹೆಸರಿನ ಮುಂದೆ ಉಳಿದದ್ದು ವೀಣೆಯೇ ಅಲ್ವಾ?

ಪೆಟ್ಟಿಗೆ ಮೇಷ್ಟ್ರ ಮಗ ಬರೆದದ್ದು:

ಹಾಸನದ ತಮ್ಮಾ, ನನಗೀಗ 67. ನೀನು ನನ್ನ ಮಗಳಿಗಿಂತ ಚಿಕ್ಕವನು, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ. ನಿನ್ನ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮಪ್ಪ ತಿಪಟೂರು ಕಡೆಯ ಹಳ್ಳಿಗಳಲ್ಲಿ ನಾಟಕದ ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಊರವರೇ ಬಣ್ಣ ಹಚ್ಚಿ ಕುರುಕ್ಷೇತ್ರ ಆಡುತ್ತಿದ್ದರು. ಅಪ್ಪ ಎರಡು ಮೂರು ತಿಂಗಳು ಆ ಊರಿನಲ್ಲೇ ಇದ್ದು, ದಿನಾ ಸಂಜೆ ಅವರಿಗೆ ಹಾಡು, ಮಾತು ಕಲಿಸಬೇಕಿತ್ತು. ದೊಡ್ಡ ಮೇಷ್ಟ್ರುಗಳ ಹತ್ತಿರ ಕಾಲಿನ ಹಾರ್ಮೋನಿಯಂ ಇತ್ತು. ನಮ್ಮದು ಕೈ ಪೆಟ್ಟಿಗೆ. ಒಂಬತ್ತನೇ ವಯಸ್ಸಿಗೆ ನಾನು ಅಪ್ಪನ ಪಕ್ಕ ಕೂತು ತಿದಿ ಒತ್ತಲು ಶುರು ಮಾಡಿದೆ.

ಆ ನಾಟಕಗಳಲ್ಲಿ ಒಬ್ಬೊಬ್ಬರದು ಒಂದೊಂದು ಶ್ರುತಿ. ಪೆಟ್ಟಿಗೆಯ ಯಾವ ಮನೆ ಸ ಆಗುತ್ತದೋ ಅದೇ ಶ್ರುತಿಯ ಹೆಸರು. ಕೃಷ್ಣನ ಪಾತ್ರದವರು ಕಪ್ಪು ಎರಡರಲ್ಲಿ ಹಾಡಿದರೆ, ದುರ್ಯೋಧನ ಬಿಳಿ ಒಂದರಿಂದ ಮೇಲೆ ಏರುತ್ತಿರಲಿಲ್ಲ. ಅವರೇನು ಮೊದಲೇ ಹೇಳುತ್ತಿದ್ದರಾ? ಸುಮ್ನೆ ಹಾಡು ಎತ್ತಿಬಿಡುವರು. ಎರಡನೇ ಅಕ್ಷರ ಬಾಯಿಂದ ಬರುವಷ್ಟರಲ್ಲಿ ಅಪ್ಪನ ಬೆರಳು ಆ ಮನೆಯ ಮೇಲೆ ಇರುತ್ತಿತ್ತು. ಹನ್ನೆರಡು ಮನೆಗಳಲ್ಲಿ ಯಾವುದು ಸ ಆದರೂ ಎಲ್ಲ ಮಟ್ಟೂ ಬರಬೇಕು ಅನ್ನುವುದು ಅಪ್ಪನ ಪಾಠ. ನಾನು ಬೆಳಗಿನ ಜಾವದವರೆಗೆ ಕೂತು ಕಲಿತದ್ದು ಅದೊಂದೇ. ಮುಂದೆ ಎಲ್ಲ ಕಡೆ ಅನ್ನ ಕೊಟ್ಟದ್ದೂ ಅದೇ.

1974ರಲ್ಲಿ, ನನಗೆ ಹದಿನೇಳು ಇರುವಾಗ, ಮದುವೆಗಳಿಗೆ ಹೋಗುವ ಒಂದು ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್‌ನವರು ಬಿಟ್ಟು ಹೋದರು. ನಾನು ಸೇರಿದೆ. ಮೊದಲ ತಿಂಗಳು ಕೆಳತುಟಿಯ ಒಳಗೆಲ್ಲ ಗಾಯ. ತುಟಿಯನ್ನು ಕೆಳಗಿನ ಹಲ್ಲಿನ ಮೇಲೆ ಮಡಚಿ ಊದಬೇಕು ನೋಡು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಕ್ಲಾರಿನೆಟ್‌ನಲ್ಲಿ ಕೆಳಗೆ ಸ ಹಿಡಿದ ಬೆರಳನ್ನು ಹಾಗೇ ಇಟ್ಟು ಹಿಂದಿನ ಕೀ ಒತ್ತಿದರೆ ಮೇಲಿನ ಸ ಬರುವುದಿಲ್ಲ. ಅದನ್ನೂ ದಾಟಿ ಪ ಬರುತ್ತದೆ. ಅದರ ಕೊಳವೆಯೇ ಹಾಗೆ, ಉದ್ದಕ್ಕೂ ಒಂದೇ ಅಗಲ. ಅಂದರೆ ಕೆಳಗೊಂದು ಬೆರಳ ಲೆಕ್ಕ, ಮೇಲೊಂದು. ಜೊತೆಗೆ ನನ್ನ ಕ್ಲಾರಿನೆಟ್ ಹಿಡಿದ ಸ್ವರಕ್ಕಿಂತ ಒಂದು ಸ್ವರ ಕೆಳಗೆ ನುಡಿಯುತ್ತದೆ. ಹಾಡು ಬಿಳಿ ಒಂದರಲ್ಲಿ, ಅಂದರೆ ಸಿ ಶ್ರುತಿಯಲ್ಲಿದ್ದರೆ ನಾನು ಡಿ ಹಿಡಿಯಬೇಕು. ಇಲ್ಲಿ ಅಪ್ಪನ ಪಾಠ ಕೈ ಹಿಡಿಯಿತು. ಬೆರಳು ಹೊಸದು, ತುಟಿ ಹೊಸದು. ಲೆಕ್ಕ ಮಾತ್ರ ಹಳೆಯದು. ಸೊನ್ನೆಯಿಂದ ಶುರುವಾಗುತ್ತದಾ ಅಂತ ಕೇಳಿದೆಯಲ್ಲ, ನನಗೆ ಹಾಗೆ ಆಗಲಿಲ್ಲ.

ಒಂದು ದಿನ ಮನೆಯಲ್ಲಿ ಊದುತ್ತಿದ್ದೆ. ರಿ ಇಂದ ಗ ಗೆ ಹೋಗುವಾಗ ಬೆರಳನ್ನು ತೂತಿನಿಂದ ಮೆಲ್ಲಗೆ ಜಾರಿಸಿದೆ, ತುಟಿ ಸ್ವಲ್ಪ ಸಡಿಲ ಬಿಟ್ಟೆ. ಸ್ವರ ಮುರಿಯದೆ ಹತ್ತಿ ಹೋಯಿತು. ಅಪ್ಪ ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿದರು. "ಆ ಜಾರು ನನ್ನ ಪೆಟ್ಟಿಗೆಯಲ್ಲಿ ಇಲ್ಲ ಕಣೋ" ಅಂದರು. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಸ್ಟುಡಿಯೊ ಒಳಗೆ ಬಿಡಲಿಲ್ಲ. ಸ್ವರ ಜಾರಿಸುವ ಗಮಕ ಬರುವುದಿಲ್ಲ ಅನ್ನುವುದೇ ದೊಡ್ಡ ದೂರು. ಅಪ್ಪನಿಗೆ ಆ ನೋವು ಇತ್ತು. ಮಗನ ಕೈಯಲ್ಲಿ ಆ ಜಾರು ಕೇಳಿದ್ದು ಅವರಿಗೆ ಸಂತೋಷ ಕೊಟ್ಟಿತೋ, ಸಂಕಟವೋ, ನನಗೆ ಇವತ್ತಿಗೂ ತಿಳಿಯದು.

ಆಮೇಲೆ ಬೆಂಗಳೂರು, ಆರ್ಕೆಸ್ಟ್ರಾ. ಗಣೇಶನ ಪೆಂಡಾಲು, ನವೆಂಬರ್‌ನಲ್ಲಿ ರಾಜ್ಯೋತ್ಸವ. ಒಂದು ವರ್ಷ ಸತತ 27 ರಾತ್ರಿ ಪ್ರೋಗ್ರಾಮ್ ಇತ್ತು. ಅಲ್ಲಿ ಆಲ್ಟೊ ಸ್ಯಾಕ್ಸ್ ಹಿಡಿದೆ. ಅದರ ಕೊಳವೆ ಕೆಳಗೆ ಹೋದಂತೆ ಅಗಲ ಆಗುತ್ತದೆ, ಹಾಗಾಗಿ ಅದೇ ಬೆರಳಿಗೆ ಮೇಲಿನ ಸ ಬರುತ್ತದೆ. ಕ್ಲಾರಿನೆಟ್ ಆದ ಮೇಲೆ ಅದು ಹಬ್ಬ ಇದ್ದ ಹಾಗೆ. ಬಿಳಿ ಒಂದಕ್ಕೆ ಎ ಹಿಡಿದರೆ ಆಯಿತು. ಹತ್ತು ವರ್ಷ ಊದಿದೆ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿದ್ದ ಕಾಲ ಇನ್ನೊಂದಿಲ್ಲ.

ಅಷ್ಟರಲ್ಲಿ ಕೀಬೋರ್ಡ್ ಬಂತು. ಅದೊಂದರಲ್ಲೇ ಪಿಟೀಲು, ಟ್ರಂಪೆಟ್, ಸ್ಯಾಕ್ಸ್ ಎಲ್ಲದರ ಸದ್ದು. ಹದಿನಾಲ್ಕು ಜನರ ತಂಡ ಏಳಕ್ಕೆ ಇಳಿಯಿತು. ನಡೆಸುವವರು ಆರು ತಿಂಗಳ ಬಾಕಿ ಕೊಡದೆ, "ಕೀಬೋರ್ಡ್ ಬರುತ್ತಾ? ಬಂದರೆ ಇರು" ಅಂದರು. 1991ರಲ್ಲಿ ಸ್ಯಾಕ್ಸ್ ಮಾರಿ ಕೀಬೋರ್ಡ್ ತಂದೆ. ಬಲಗೈ ಮೊದಲ ದಿನವೇ ಓಡಿತು, ಅದು ಪೆಟ್ಟಿಗೆಯ ಕೈ. ಎಡಗೈ ಮಾತ್ರ ತಿದಿ ಹುಡುಕುತ್ತಿತ್ತು. ಹುಟ್ಟಿದಾಗಿನಿಂದ ಗಾಳಿ ಒತ್ತಿದ ಕೈ ಅದು, ಕಾರ್ಡ್ ಹಿಡಿ ಅಂದರೆ ಹೇಗೆ ಹಿಡಿಯುತ್ತದೆ? ಎರಡು ವರ್ಷ ಬೇಕಾಯಿತು. ಕೀಬೋರ್ಡ್‌ನಲ್ಲಿ ಸ್ಯಾಕ್ಸ್ ಸದ್ದು ಹಾಕಿ ನುಡಿಸಿದ ಮೊದಲ ರಾತ್ರಿ ಸ್ಟೇಜ್ ಹಿಂದೆ ಹೋಗಿ ಅತ್ತೆ.

ಕ್ಯಾಸೆಟ್ ರೆಕಾರ್ಡಿಂಗ್, ಚರ್ಚ್‌ನ ಕ್ವಯರ್, ಭರತನಾಟ್ಯಕ್ಕೆ ಪಕ್ಕವಾದ್ಯ, ಎಲ್ಲ ಆಯಿತು. ಅದನ್ನೆಲ್ಲ ಬರೆದರೆ ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. 2006ರಲ್ಲಿ ನಾಲ್ಕು ಜನ ಹುಡುಗರು ಮನೆಗೆ ಬಂದರು. ತತ್ವಪದಗಳನ್ನು ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಇಟ್ಟು ಹಾಡುವವರು. ಅವರಿಗೆ ಹಾರ್ಮೋನಿಯಂ ಬೇಕಿತ್ತು. ಅಪ್ಪನ ಪೆಟ್ಟಿಗೆ ಅಟ್ಟದಿಂದ ಇಳಿಸಿದೆ. ಅದರ ಶ್ರುತಿ ತುಸು ಏರಿತ್ತು. ರೀಡ್ ಕೆರೆದು ಸರಿಮಾಡುವ ಕೆಲಸ ಕೂತಲ್ಲೇ ಆಗುವಂಥದ್ದಲ್ಲ. ಬೇಡ ಅನ್ನುತ್ತಾರೇನೋ ಅಂದುಕೊಂಡೆ. ಅವರು ಮಾತಾಡದೆ ಪಕ್ಕದಲ್ಲಿ ಕೂತು, ಒಂದೊಂದೇ ತಂತಿ ಬಿಗಿ ಮಾಡಿ, ಗಿಟಾರ್, ಬೇಸ್ ಎರಡನ್ನೂ ಪೆಟ್ಟಿಗೆಗೆ ಸೇರಿಸಿಕೊಂಡರು. ನಾಲ್ಕು ದಶಕ ನಾನೇ ಎಲ್ಲರ ಶ್ರುತಿಗೆ ಹೋಗಿದ್ದೆ. ಅವತ್ತು ಅಪ್ಪನ ಪೆಟ್ಟಿಗೆಯ ಶ್ರುತಿಗೆ ಒಂದು ಬ್ಯಾಂಡ್ ಬಂತು.

ಈಗ ಮುಂದಿನ ಹಲ್ಲು ಕಟ್ಟಿಸಿದ್ದು. ಊದುವುದು ಆಗುವುದಿಲ್ಲ. ಪೆಟ್ಟಿಗೆ ನುಡಿಸುತ್ತೇನೆ. ರಿ ಇಂದ ಗ ಗೆ ಹೋಗುವಾಗ ಕ್ಲಾರಿನೆಟ್‌ನ ಆ ಜಾರು ಕಿವಿಯಲ್ಲಿ ಕೇಳುತ್ತದೆ. ಅದಕ್ಕೇ ಗ ಅನ್ನು ಒಂದು ಕೂದಲೆಳೆ ತಡ ಮಾಡಿ ಒತ್ತುತ್ತೇನೆ, ತಿದಿಯನ್ನು ಹಗುರ ಬಿಡುತ್ತೇನೆ. ಬರೀ ಪೆಟ್ಟಿಗೆಯನ್ನೇ ನುಡಿಸಿದ್ದರೆ ನನಗೆ ಹಾಗೆ ಮಾಡಬೇಕು ಅಂತ ತೋಚುತ್ತಿರಲಿಲ್ಲ. ವೀಣೆ ಟೀಚರಮ್ಮ, ನೀವು ಹೇಳಿದ ಎಂಟು ವರ್ಷಕ್ಕೆ ನಾನು ಕೈ ಮುಗಿಯುತ್ತೇನೆ. ಆ ಆಳ ನನ್ನ ಬಳಿ ಇಲ್ಲ, ಅದನ್ನು ಒಪ್ಪುತ್ತೇನೆ.

ತಮ್ಮಾ, ನಾನು ನಿನಗೆ ಕೇಳುವುದು ಇಷ್ಟೇ. ಕೊಳಲು ಯಾಕೆ ಬಿಟ್ಟೆ? ಇನ್ನೊಂದು ಕರೆಯಿತು ಅಂತಲೋ, ಏನೋ ಕಷ್ಟದ್ದು ಎದುರಿಗೆ ಬಂತು ಅಂತಲೋ? ನಾನು ಸ್ಯಾಕ್ಸ್ ಬಿಟ್ಟದ್ದು ಹೊಟ್ಟೆಪಾಡಿಗೆ. ಕ್ಲಾರಿನೆಟ್‌ನ ಆ ಎರಡು ಲೆಕ್ಕ ಕಷ್ಟ ಅಂತ ಬಿಟ್ಟಿದ್ದರೆ ಇವತ್ತು ಇಷ್ಟು ಬರೆಯಲು ಮುಖ ಇರುತ್ತಿರಲಿಲ್ಲ.

ಬಂಟ್ವಾಳದಿಂದ ಒಬ್ಬರು:

ಮೇಷ್ಟ್ರೇ, ಆ ಜಾರಿನ ವಿಷಯ ಓದಿ ಕದ್ರಿ ಗೋಪಾಲನಾಥರು ನೆನಪಾದರು. ನಮ್ಮ ತಾಲ್ಲೂಕಿನ ಸಜಿಪದವರು. ತಂದೆ ನಾಗಸ್ವರ ವಿದ್ವಾಂಸರು, ಇವರೂ ಮೊದಲು ಹಿಡಿದದ್ದು ನಾಗಸ್ವರ. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಅದರ ಹಿಂದೆ ಬಿದ್ದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ. ಅವರ ಸ್ಯಾಕ್ಸ್ ಕಣ್ಣು ಮುಚ್ಚಿ ಕೇಳಿದರೆ ನನಗೆ ದೇವಸ್ಥಾನದ ನಾಗಸ್ವರವೇ ಕೇಳಿಸುತ್ತದೆ. ವಾದ್ಯ ಬದಲಾದರೂ ಮನೆಯ ಉಸಿರು ಜೊತೆಗೇ ಬಂದಿತ್ತು.

ಹಾಸನದ ಹುಡುಗ:

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ಮೂರು ದಿನ ಇಟ್ಟುಕೊಂಡು ಯೋಚಿಸಿದೆ. ನಿಜ ಹೇಳುತ್ತೇನೆ. ಕೊಳಲಿನಲ್ಲಿ ಮೇಲಿನ ಸ್ಥಾಯಿ ಬರಲಿಲ್ಲ. ಕ್ಲಾಸಿನಲ್ಲಿ ನನ್ನ ಸರದಿ ಬಂದಾಗಲೆಲ್ಲ ಸ್ವರ ಕಿರುಚುತ್ತಿತ್ತು. ನಾಚಿಕೆ ಆಗಿ ಹೋಗುವುದನ್ನೇ ಬಿಟ್ಟೆ. ಗಿಟಾರ್ ಮೇಲಿನ ಆಸೆಯಿಂದ ಅಂತ ಎಲ್ಲರಿಗೂ ಹೇಳಿದ್ದೆ.

ನಿನ್ನೆ ಬೀರುವಿನಿಂದ ಕೊಳಲು ತೆಗೆದೆ. ಟ್ರಾನ್ಸ್‌ಪೋಸ್ ಬಟನ್ ಮೇಲೆ ಪ್ಲಾಸ್ಟರ್ ಅಂಟಿಸಿದ್ದೇನೆ. ಬೇಸ್ ಗಿಟಾರ್‌ಗೆ ಬೇರೆಯವರನ್ನು ನೋಡಿ ಅಂತ ಗೆಳೆಯರಿಗೆ ಹೇಳಿದೆ.

ಪೆಟ್ಟಿಗೆ ಮೇಷ್ಟ್ರ ಮಗ:

ಬೇಸ್ ಬೇಡ ಅನ್ನಬೇಡ, ಆರು ತಿಂಗಳು ಕಾಯಲು ಹೇಳು. ಮೇಲಿನ ಸ್ಥಾಯಿಗೆ ಜೋರಾಗಿ ಊದುತ್ತಿದ್ದೀಯ, ಅದಕ್ಕೇ ಕಿರುಚುತ್ತದೆ. ಗಾಳಿ ಜಾಸ್ತಿ ಬೇಡ. ತುಟಿಯ ಸಂದು ಸಣ್ಣ ಮಾಡು, ಗಾಳಿ ತಾನಾಗಿ ವೇಗ ಹಿಡಿಯುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಒಂದೇ ಸ್ವರ. ಕೀಬೋರ್ಡ್‌ನಲ್ಲಿ ನಿನಗೆ ಚೆನ್ನಾಗಿ ಬರುವ ಒಂದೇ ಒಂದು ಹಾಡು ತಗೊ. ಇವತ್ತು ಕಪ್ಪು ಒಂದರಲ್ಲಿ, ನಾಳೆ ಬಿಳಿ ಎರಡರಲ್ಲಿ. ಹನ್ನೆರಡು ದಿನ ಆದ ಮೇಲೆ ಇಲ್ಲಿ ಬರೆ. ನಾನು ದಿನಾ ನೋಡುತ್ತಿರುತ್ತೇನೆ.